ಕೋಣನಕುಂಟೆ ಹಳೇ ಫ್ಲಾಟಾ, ಕೆಂಗೇರಿ ಆಚೆ ಸೈಟಾ? ತಲೆ ಕೆಟ್ಟಿದೆ, ಸ್ವಲ್ಪ ಹೇಳಿ

ಅರಸೀಕೆರೆ ತೆಂಗು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಗೆ ಬಂದು 11 ವರ್ಷ, ಇದು ಐದನೇ ಬಾಡಿಗೆ ಮನೆ. ಈಗಿರುವುದು ವಿಜಯನಗರದಲ್ಲಿ. ಓನರ್ ಮಗನಿಗೆ ಮದುವೆ ಗೊತ್ತಾಗಿದೆ, ಮಾರ್ಚ್ ಒಳಗೆ ಖಾಲಿ ಮಾಡಿಕೊಡಿ ಅಂದರು. ಮತ್ತೆ ಹಾಲು ಉಕ್ಕಿಸಿ, ಮತ್ತೆ ಗ್ಯಾಸಿನವರಿಗೆ ಅಡ್ರೆಸ್ ಬದಲಾಯಿಸಿ ಸಾಕಾಗಿದೆ. ಈ ಸಲ ಕೊಂಡೇ ಬಿಡೋಣ ಅಂತ ನಾನೇ ಹಟ ಹಿಡಿದೆ. ಎಲ್ಲಿ ಅನ್ನುವುದಕ್ಕೆ ಈಗ ಮನೆಯಲ್ಲಿ ದಿನಾ ರಾತ್ರಿ ಪಂಚಾಯ್ತಿ.

ನಮ್ಮ ಕಥೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಯಜಮಾನರದು ಪೀಣ್ಯದಲ್ಲಿ, ಮಷೀನ್ ಶಾಪ್ ಸೂಪರ್‌ವೈಸರ್, ವಾರ ಬಿಟ್ಟು ವಾರ ಶಿಫ್ಟು. ಊರಿನ ಆ ತುದಿ ಅವರು, ಈ ತುದಿ ನಾನು. ಮಗ ಐದನೇ ಕ್ಲಾಸು. ಅತ್ತೆಗೆ 69, ಮಂಡಿ ನೋವು, ಮೆಟ್ಟಿಲು ಕಂಡರೆ ಅಲ್ಲೇ ನಿಂತು ಉಸಿರು ಬಿಡುತ್ತಾರೆ. ಕೈಯಲ್ಲಿ 28 ಲಕ್ಷ ಇದೆ. ಅದರಲ್ಲಿ ಊರಿನ ಅರ್ಧ ಎಕರೆ ತೆಂಗಿನ ತೋಟ ಮಾರಿದ ದುಡ್ಡೂ ಸೇರಿದೆ. ಮಾವ ನೆಟ್ಟ ಗಿಡಗಳು. ಅದಕ್ಕೇ ಕಣ್ಣು ಮುಚ್ಚಿ ಖರ್ಚು ಮಾಡಲು ಕೈ ಬರುವುದಿಲ್ಲ.

ಬ್ಯಾಂಕಿನವರು 50 ಲಕ್ಷ ಸಾಲ ಆಗುತ್ತೆ ಅಂದಿದ್ದಾರೆ. ನಾನು ಸುಮ್ನೆ ಕೂಡಿಸಿ 78 ಲಕ್ಷದ ಮನೆ ನೋಡಬಹುದು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, 45 ಲಕ್ಷ ದಾಟಿದರೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ ಕೊನೆಯಿಂದ 1 ಇದ್ದದ್ದು 2 ಆಗಿದೆ. ಒಟ್ಟು 7.6 ಪರ್ಸೆಂಟ್, ಅಷ್ಟನ್ನೂ ಕೈಯಿಂದಲೇ ಹಾಕಬೇಕು. ಅಂದರೆ 72 ಲಕ್ಷಕ್ಕೆ ನಿಲ್ಲಬೇಕು. ತಿಂಗಳಿಗೆ 42,000 ಕಂತು, 20 ವರ್ಷ.

ಈಗ ಕೈಯಲ್ಲಿರುವ ಆಯ್ಕೆಗಳು. ಕೋಣನಕುಂಟೆ ಕ್ರಾಸ್ ಮೆಟ್ರೋದಿಂದ ನಡೆದು 12 ನಿಮಿಷ, ವಸಂತಪುರದ ಕಡೆ ಒಂದು ಹಳೇ ಫ್ಲಾಟು. 18 ವರ್ಷದ ಬಿಲ್ಡಿಂಗು, 16 ಮನೆ, ಎರಡನೇ ಮಹಡಿ, 1,060 ಚದರಡಿ. 74 ಲಕ್ಷ ಹೇಳುತ್ತಿದ್ದಾರೆ. ಬಚ್ಚಲುಮನೆಗೆ ಪಾಚಿ ಬಣ್ಣದ ಟೈಲ್ಸು, ನೋಡಿದರೆ ಬೇಜಾರಾಗುತ್ತೆ. ಎರಡನೆಯದು ತಲಘಟ್ಟಪುರ ದಾಟಿ ಹೊಸ ಪ್ರಾಜೆಕ್ಟು, ಈಜುಕೊಳ, ಜಿಮ್ಮು, ಎಲ್ಲಾ ಇದೆ. ಕೀ ಕೊಡುವುದು 2027ಕ್ಕೆ. ಯಜಮಾನರ ಆಸೆ ಮಾತ್ರ ಬೇರೆ. ಕೆಂಗೇರಿ ದಾಟಿ ಒಂದು ಮೂವತ್ತು-ನಲವತ್ತು ಸೈಟು, ಬಿ ಖಾತಾ (ಅಂದರೆ ಎ ಖಾತಾದ ಹಾಗೆ ಪೂರ್ತಿ ಸಕ್ರಮ ಆಗಿಲ್ಲದ ಜಾಗ), 58 ಲಕ್ಷ. "ಫ್ಲಾಟ್ ಅಂದ್ರೆ ಗಾಳೀಲಿ ಗೂಡು ಕಣೇ, ಮಣ್ಣು ನಮ್ದಾಗಿರಬೇಕು" ಅನ್ನುತ್ತಾರೆ. ತೋಟ ಮಾರಿದ ಸಂಕಟ ಅದು, ನನಗೆ ಅರ್ಥವಾಗುತ್ತೆ. ನನ್ನ ಕಲೀಗ್ ಒಬ್ಬರು ಚಂದಾಪುರ ನೋಡಿ, 55ಕ್ಕೇ ಒಳ್ಳೇದು ಸಿಗುತ್ತೆ ಅಂದರು.

ನೀವಾಗಿದ್ದರೆ ಎಲ್ಲಿ ಕೊಳ್ಳುತ್ತಿದ್ದಿರಿ? ರೇಟು ಏರುತ್ತಾ ಅನ್ನುವುದು ನನಗೆ ಮುಖ್ಯ ಅಲ್ಲ. ನಾವು ಅಲ್ಲೇ ಇರುತ್ತೇವೆ.

ಬಾಡಿಗೆಯೇ ವಾಸಿ:

ಈಗ ಎಷ್ಟು ಬಾಡಿಗೆ, 22,000? ಕಂತು 42,000. ಮಿಕ್ಕ 20,000 ತಿಂಗಳು ತಿಂಗಳು ಮ್ಯೂಚುವಲ್ ಫಂಡಿನ ಎಸ್ಐಪಿಗೆ ಹಾಕಿ, ಆರಾಮಾಗಿರಿ. ಇಷ್ಟೇ.

ಚಂದಾಪುರ ಲೋಕಲ್:

ನಮ್ಮೂರು ಅಂತ ಹೊಗಳಲ್ಲ. ನಿಮ್ಮೊಬ್ಬರಿಗೇ ಆದರೆ ಚಂದಾಪುರ ಸರಿ. ಹಳದಿ ಮೆಟ್ರೋ ಬೊಮ್ಮಸಂದ್ರಕ್ಕೆ ನಿಲ್ಲುತ್ತೆ, ಅಲ್ಲಿಂದ ಆಟೋ. ನಮ್ಮದು ಬೆಂಗಳೂರು ಕಾರ್ಪೊರೇಷನ್ನಿಗೂ ಸೇರಿಲ್ಲ, ಆನೇಕಲ್ ತಾಲ್ಲೂಕು, ಪುರಸಭೆ. ನಿಮ್ಮ ಯಜಮಾನರು ಇಲ್ಲಿಂದ ಪೀಣ್ಯಕ್ಕೆ ಶಿಫ್ಟಿಗೆ ಹೋಗುವುದಾ? ಮೂರು ತಿಂಗಳಲ್ಲಿ ಕೆಲಸ ಬಿಡುತ್ತಾರೆ, ಇಲ್ಲಾ ಮನೆ ಬಿಡುತ್ತಾರೆ.

ತಲಘಟ್ಟಪುರ ವಾಸಿ:

ಮೇಡಂ, ನಾನು ಆ ಕಡೆಯೇ ಇರುವುದು. 220 ಫ್ಲಾಟಿನ ಅಪಾರ್ಟ್‌ಮೆಂಟು, ಬಂದು ನಾಲ್ಕು ವರ್ಷ. ಗಾಳಿ ಚೆನ್ನಾಗಿದೆ, ಬೆಳಗ್ಗೆ ತುರಹಳ್ಳಿ ಕಾಡಿನ ಕಡೆಯಿಂದ ನವಿಲು ಕೂಗುವುದು ಕೇಳಿಸುತ್ತೆ. ನೀರಿನ ಕಥೆ ಕೇಳಿ. ಬೇಸಿಗೆಯಲ್ಲಿ ನಮಗೆ ದಿನಕ್ಕೆ 9 ಟ್ಯಾಂಕರ್ ಬರುತ್ತೆ, ಒಂದೊಂದೂ 12,000 ಲೀಟರಿನದು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 12,000 ಲೀಟರಿಗೆ, 5 ಕಿಲೋಮೀಟರ್ ಒಳಗೆ, 1,000 ರೂಪಾಯಿ ಅಂತ ರೇಟು ಕಟ್ಟಿತ್ತು. ಆ ರೇಟಿಗೆ ಫೋನ್ ಮಾಡಿದರೆ ನಮ್ಮ ಕಡೆ ಟ್ಯಾಂಕರಿನವರು ಫೋನೇ ಎತ್ತುತ್ತಿರಲಿಲ್ಲ. ಮೇಂಟೆನೆನ್ಸ್ ಬಿಟ್ಟು ಬರೀ ನೀರಿಗೇ ಒಂದು ಮನೆಗೆ ತಿಂಗಳಿಗೆ ಸುಮಾರು 1,500 ಬೀಳುತ್ತೆ.

ಒಂದು ಉಪಾಯ ಹೇಳುತ್ತೇನೆ. ಯಾವುದೇ ಅಪಾರ್ಟ್‌ಮೆಂಟ್ ನೋಡಲು ಹೋದರೂ ಮಾಡೆಲ್ ಫ್ಲಾಟ್ ಆಮೇಲೆ ನೋಡಿ. ಮೊದಲು ಗೇಟಿನ ಸೆಕ್ಯುರಿಟಿ ಹತ್ತಿರ ಹೋಗಿ ಗಾಡಿ ಬರೆಯುವ ಪುಸ್ತಕ ಕೇಳಿ. ಏಪ್ರಿಲ್ ತಿಂಗಳ ಪುಟ ತೆಗೆದು ಎಷ್ಟು ಸಲ ಟ್ಯಾಂಕರ್ ಅಂತ ಬರೆದಿದೆ ಎಣಿಸಿ. ಸೇಲ್ಸ್‌ನವರು ಏನು ಬೇಕಾದರೂ ಹೇಳಬಹುದು, ಆ ಪುಸ್ತಕದಲ್ಲಿ ಸುಳ್ಳು ಬರೆಯಲು ಯಾರಿಗೂ ಪುರುಸೊತ್ತಿಲ್ಲ. ನೀವು ನೋಡುವ ಪ್ರಾಜೆಕ್ಟು ಇನ್ನೂ ಕಟ್ಟುತ್ತಿದ್ದರೆ ಪಕ್ಕದ ಹಳೇ ಅಪಾರ್ಟ್‌ಮೆಂಟಿನ ಪುಸ್ತಕ ನೋಡಿ.

ಪಂಪ್‌ಹೌಸ್ ಅಜ್ಜ:

ಮೇಲಿನವರು ಹೇಳಿದ್ದು ಸರಿ. ನಾನು ನೀರಿನ ಪೈಪಿನ ಕೆಲಸದಲ್ಲೇ 34 ವರ್ಷ ಸವೆದವನು, ಈಗ ರಿಟೈರ್ಡ್. ಒಂದು ತಮಾಷೆ ಕೇಳಮ್ಮಾ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ ಶುದ್ಧ ಮಾಡಿ, ಹಾರೋಹಳ್ಳಿಯಲ್ಲಿ ಒಂದು ಸಲ, ತಾತಗುಣಿಯಲ್ಲಿ ಇನ್ನೊಂದು ಸಲ ಮೇಲಕ್ಕೆ ಎತ್ತುತ್ತಾರೆ. ಎರಡೂ ಕನಕಪುರ ರೋಡಿನಲ್ಲೇ ಇವೆ. ಇಡೀ ಊರಿನ ನೀರು ಆ ರೋಡಿನ ಪಕ್ಕದಲ್ಲೇ ಪೈಪಿನಲ್ಲಿ ಹೋಗುತ್ತೆ, ಅದೇ ರೋಡಿನ ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಕಾಯುತ್ತಾರೆ. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್, ಹೊಸದಾಗಿ ಸೇರಿದ 110 ಹಳ್ಳಿಗಳಿಗೆ ಅಂತ. ನೀರು ಬಂದಿದೆ. ಎಷ್ಟೋ ದೊಡ್ಡ ಅಪಾರ್ಟ್‌ಮೆಂಟಿನವರು ಕನೆಕ್ಷನ್ ದುಡ್ಡು ಜಾಸ್ತಿ ಅಂತ ತಗೊಂಡಿಲ್ಲ. ಆದ್ದರಿಂದ "ಕಾವೇರಿ ಬಂದಿದೆಯಾ" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಈ ಬಿಲ್ಡಿಂಗಿನ ನೀರಿನ ಬಿಲ್ಲು ತೋರಿಸಿ" ಅನ್ನಿ.

ಇನ್ನು ಮಳೆ ನೀರು. ಬೆಂಗಳೂರು ಒಂದು ದಿಣ್ಣೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. 2022ರ ಸೆಪ್ಟೆಂಬರಿನಲ್ಲಿ ಆ ಪೂರ್ವದ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ಟೀವಿಯಲ್ಲಿ ನೋಡಿದ್ದೀರಿ. ಹೆಸರುಗಳನ್ನೂ ಸ್ವಲ್ಪ ಗಮನಿಸಿ. ಕೋಣನಕುಂಟೆಯಲ್ಲಿ ಕುಂಟೆ ಇದೆ. ದೊಡ್ಡಕಲ್ಲಸಂದ್ರದ ಸಂದ್ರ ಅಂದರೆ ಸಮುದ್ರ, ದೊಡ್ಡ ಕೆರೆಗೆ ಹಳಬರು ಇಟ್ಟ ಹೆಸರು. ಹಾಗಂತ ಅಲ್ಲಿ ಕೊಳ್ಳಲೇಬಾರದು ಅಂತಲ್ಲ, ಅದೇ ಹೆಸರಿನ ಊರಿನಲ್ಲಿ ದಿಣ್ಣೆಯೂ ಇರುತ್ತೆ, ತಗ್ಗೂ ಇರುತ್ತೆ. ಫೋನಿನಲ್ಲಿ ದಿಶಾಂಕ್ ಅಂತ ಸರ್ಕಾರದ್ದೇ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆಗೆದರೆ ಸರ್ವೆ ನಂಬರ್ ಬರುತ್ತೆ, ಪಕ್ಕದಲ್ಲಿ ಕೆರೆ, ರಾಜಕಾಲುವೆ ಇದ್ದರೆ ಕಾಣುತ್ತೆ. ಕೆಂಗೇರಿ ಸೈಟಿಗೆ ನಿಮ್ಮ ಯಜಮಾನರನ್ನು ಅದರ ಜೊತೆ ಕಳಿಸಿ.

ಬಿ ಖಾತಾ ಬಲಿಪಶು:

ಅಕ್ಕಾ, ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು. ನಾನು ಆರು ವರ್ಷದ ಹಿಂದೆ ಪಶ್ಚಿಮದ ಕಡೆಯೇ ಬಿ ಖಾತಾ ಸೈಟು ತಗೊಂಡೆ. "ಮುಂದಿನ ವರ್ಷ ಎ ಆಗುತ್ತೆ ಸಾರ್" ಅಂದ ಬ್ರೋಕರ್. ಆ ಮುಂದಿನ ವರ್ಷ ಇನ್ನೂ ಮುಂದೇ ಇದೆ. ಬ್ಯಾಂಕುಗಳು ಸಾಲ ಕೊಡಲಿಲ್ಲ. ಕೊನೆಗೆ ಒಂದು ಫೈನಾನ್ಸಿನಿಂದ ಎರಡು ಪರ್ಸೆಂಟ್ ಜಾಸ್ತಿ ಬಡ್ಡಿಗೆ ತಗೊಂಡೆ. ಮನೆ ಕಟ್ಟಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓಸಿ (ವಾಸಕ್ಕೆ ಕೊಡುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬಾರದು ಅಂತ ಹೇಳಿದ ಮೇಲೆ ನನ್ನ ಪರ್ಮನೆಂಟ್ ಮೀಟರು ಅರ್ಧಕ್ಕೇ ನಿಂತಿತು. ಎಂಟು ತಿಂಗಳು ಟೆಂಪರರಿ ಕರೆಂಟು, ಅದರ ಬಿಲ್ಲು ನೋಡಿದರೆ ಎದೆ ಝಲ್ ಅನ್ನುತ್ತೆ.

ಎ ಮಾಡಿಕೊಡುತ್ತೇವೆ ಅಂತ ಸರ್ಕಾರ ಹೇಳುತ್ತಲೇ ಇದೆ, ಆಗಲೂಬಹುದು. ಆದರೆ ಆದ ಮೇಲೆ ಕೊಳ್ಳಿ, ಆಗುತ್ತೆ ಅಂತ ಕೊಳ್ಳಬೇಡಿ. ನಿಮ್ಮ ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಳ್ಳಿ: 58 ಕೊಟ್ಟು ಸೈಟು ತಗೊಂಡರೆ ಕಟ್ಟಲು ದುಡ್ಡು ಎಲ್ಲಿದೆ? ಅಲ್ಲಿಯವರೆಗೂ ಬಾಡಿಗೆ ಮನೆಯೇ ಅಲ್ವಾ?

ಅರಸೀಕೆರೆ ತೆಂಗು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಶನಿವಾರ ಸುತ್ತಿ ಬಂದೆವು, ಅತ್ತೆಯನ್ನೂ ಕರೆದುಕೊಂಡು. ಬಾಡಿಗೆಯೇ ವಾಸಿ ಅವರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಮನೆ ಖಾಲಿ ಮಾಡಿ ಅಂತ ಓನರ್ ಹೇಳಿದ ದಿನ ಅತ್ತೆ ರಾತ್ರಿ ಊಟ ಬಿಟ್ಟರು. ಅದು ಎಸ್ಐಪಿಯಲ್ಲಿ ಕಾಣುವುದಿಲ್ಲ.

ಕೆಂಗೇರಿ ಸೈಟಿಗೆ ಯಜಮಾನರು ಒಬ್ಬರೇ ಹೋದರು, ಫೋನಿನಲ್ಲಿ ದಿಶಾಂಕ್ ಹಾಕಿಕೊಂಡು. ವಾಪಸ್ ಬಂದು ಕಾಫಿ ಕುಡಿದರು, ಪೇಪರ್ ಓದಿದರು, ಸೈಟಿನ ಮಾತೇ ಎತ್ತಲಿಲ್ಲ. ರಾತ್ರಿ ಮಲಗುವಾಗ "ಹಿಂದುಗಡೆ ಕಾಲುವೆ ಗೆರೆ ತೋರಿಸ್ತು ಕಣೇ. ಬ್ರೋಕರ್ ಅದನ್ನ ಮೋರಿ ಅಂದ" ಅಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಟೆರೇಸಿನಲ್ಲಿ ಕುಂಡ ಇಟ್ಟು ಏನಾದರೂ ಬೆಳೆಸಿಕೊಳ್ಳಿ ಅಂದಿದ್ದೇನೆ.

ತಲಘಟ್ಟಪುರದಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಗೇಟಿಗೆ ಹೋಗಿ ಪುಸ್ತಕ ಕೇಳಿದೆ. ಸೆಕ್ಯುರಿಟಿಯವರು ರಾಯಚೂರಿನ ಕಡೆಯವರು, ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಅತ್ತೆಗೆ ಕುರ್ಚಿ ಹಾಕಿಕೊಟ್ಟರು. ಉದ್ದದ ರೂಲು ಪುಸ್ತಕ, ರಟ್ಟು ಕಿತ್ತುಹೋಗಿ ದಾರ ಕಟ್ಟಿದ್ದಾರೆ. ಏಪ್ರಿಲ್ 14ರ ಪುಟ: ಟ್ಯಾಂಕರ್ 5.10, ಟ್ಯಾಂಕರ್ 6.40, ಟ್ಯಾಂಕರ್ 9.05, ಹಾಲಿನ ಗಾಡಿ, ಟ್ಯಾಂಕರ್, ಟ್ಯಾಂಕರ್... ನಡುವೆ ಒಂದು ಕಡೆ "ಟ್ಯಾಂಕರ್ ಬರಲಿಲ್ಲ, ಜನ ಗಲಾಟೆ" ಅಂತ ಬರೆದಿತ್ತು. ಹೊಸ ಪ್ರಾಜೆಕ್ಟಿನ ಈಜುಕೊಳದ ಚಿತ್ರ ನನ್ನ ಬ್ಯಾಗಿನಲ್ಲೇ ಇತ್ತು. ಮಗ ಅದನ್ನು ತೆಗೆದು "ಇದಕ್ಕೂ ಟ್ಯಾಂಕರಾ?" ಅಂದ.

ಕೋಣನಕುಂಟೆಯಲ್ಲಿ ಜಾಸ್ತಿ ಹೊತ್ತು ಕಳೆದೆವು. ಅಲ್ಲಿ ಬ್ರೋಕರ್ ಇನ್ನೊಂದು ಫ್ಲಾಟನ್ನೂ ತೋರಿಸಿದ, ಅದೇ ಏರಿಯಾ, ಮುನ್ನೂರು ಹೆಜ್ಜೆ ಕೆಳಗೆ, ನಾಲ್ಕು ಲಕ್ಷ ಕಡಿಮೆ. ಟೈಲ್ಸು ಬಿಳಿ, ಅಡುಗೆಮನೆ ಹೊಸದು, ನನಗೆ ಮನಸ್ಸಾಗಿಬಿಟ್ಟಿತ್ತು. ಅತ್ತೆ ಮೇಲೆ ಹತ್ತಲಿಲ್ಲ, ಕೆಳಗೆ ಪಾರ್ಕಿಂಗಿನಲ್ಲೇ ಕೂತಿದ್ದರು. ನಾವು ಇಳಿದು ಬರುವಷ್ಟರಲ್ಲಿ ಗೇಟಿನ ಹತ್ತಿರ ಹೂ ಕಟ್ಟುವ ಹೆಂಗಸಿನ ಜೊತೆ ಮಾತು ಶುರು ಮಾಡಿ, ಒಂದು ಮೊಳ ಕನಕಾಂಬರಕ್ಕೆ ಬೇಕಾದ್ದನ್ನೆಲ್ಲ ಕೇಳಿ ತಿಳಿದುಕೊಂಡಿದ್ದರು. "ಆ ಕಂಬ ನೋಡು" ಅಂದರು ನನಗೆ. ಹೊಸ ಬಣ್ಣ ಬಳಿದಿದ್ದಾರೆ. ಬಗ್ಗಿ ನೋಡಿದರೆ ಮಂಡಿ ಎತ್ತರಕ್ಕೆ ಬಣ್ಣದ ಅಡಿಯಲ್ಲಿ ಕಂದು ಗೆರೆ, ಅಲ್ಲಿಂದ ಕೆಳಗೆ ಸುಣ್ಣ ಉಬ್ಬಿಕೊಂಡಿದೆ. ಎಲ್ಲಾ ಕಂಬಕ್ಕೂ ಒಂದೇ ಎತ್ತರ, ದಾರ ಹಿಡಿದು ಎಳೆದ ಹಾಗೆ. ಕಳೆದ ವರ್ಷದ ಮಳೆಯಲ್ಲಿ ಆರು ಸ್ಕೂಟರ್ ಮುಳುಗಿದವಂತೆ. ಬ್ರೋಕರ್ ಅದನ್ನು ಗಾಡಿ ತೊಳೆದ ನೀರಿನ ಕಲೆ ಅಂದ.

ಮೇಲಿನ ಹಳೇ ಬಿಲ್ಡಿಂಗಿನಲ್ಲಿ ಕಂಬ ಒಣಗಿದೆ. ಪುಸ್ತಕದಲ್ಲಿ ಏಪ್ರಿಲ್ ತಿಂಗಳಿಗೆ ಒಟ್ಟು 11 ಟ್ಯಾಂಕರ್, 16 ಮನೆಗೆ. ನೀರಿನ ಬಿಲ್ಲು ಕೇಳಿದೆ, ಅಸೋಸಿಯೇಷನ್ ಖಜಾಂಚಿ ಫೈಲು ತಂದು ತೋರಿಸಿದರು, ಕಾವೇರಿ ಕನೆಕ್ಷನ್ ಇದೆ. ಸಂಪಿನ ಮುಚ್ಚಳ ಎತ್ತಿಸಿ ನೋಡಿದೆ. ತಳ ಕಾಣುವಷ್ಟು ತಿಳಿ ನೀರು, ಒಳಗೆ ಒಂದು ಪ್ಲಾಸ್ಟಿಕ್ ಚೆಂಡು ತೇಲುತ್ತಿತ್ತು. "ಮೂರು ವರ್ಷದಿಂದ ಹುಡುಕ್ತಾ ಇದ್ದೆ" ಅಂತ ಪಕ್ಕದ ಮನೆ ಹುಡುಗ ಖುಷಿಪಟ್ಟ.

ಓಡಾಟವನ್ನೂ ಪರೀಕ್ಷೆ ಮಾಡಿದೆವು. ಸೋಮವಾರ ನಾನು ಅಲ್ಲಿಂದಲೇ ಆಫೀಸಿಗೆ ಹೋದೆ. ಆರ್‌.ವಿ. ರೋಡಿಗೆ ನಾಲ್ಕೇ ಸ್ಟೇಷನ್, ಅಲ್ಲಿ ಹಳದಿ ಲೈನಿಗೆ ಬದಲಾಯಿಸಿದರೆ ಎಲೆಕ್ಟ್ರಾನಿಕ್ ಸಿಟಿ. ಈಗ ವಿಜಯನಗರದಿಂದ ನೇರಳೆ, ಹಸಿರು, ಹಳದಿ ಮೂರೂ ಬಣ್ಣ ಹತ್ತಿ ಇಳಿಯುತ್ತೇನೆ. ಯಜಮಾನರಿಗೆ ಹಸಿರು ಲೈನಿನಲ್ಲಿ ಒಂದೇ ರೈಲು ಪೀಣ್ಯಕ್ಕೆ, ಮುಕ್ಕಾಲು ಗಂಟೆ ಚಿಲ್ಲರೆ. ಈಗಿನದಕ್ಕಿಂತ ಅವರಿಗೆ ಜಾಸ್ತಿಯೇ. ಆದರೂ ಕೂತು ನಿದ್ದೆ ಮಾಡಬಹುದು ಅಂತ ಒಪ್ಪಿದ್ದಾರೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ದಿನ ಕೊನೇ ರೈಲು ಸಿಕ್ಕರೆ ಪುಣ್ಯ.

ಇನ್ನು ಲಿಫ್ಟು. ಬಾಗಿಲ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಹಾಗೇ ಇದೆ. ನಾವು ಹೋದ ಮೊದಲ ದಿನ ಓಡಿತು, ಎರಡನೇ ದಿನ ಓಡಲಿಲ್ಲ.

ತಲಘಟ್ಟಪುರ ವಾಸಿ:

ಪುಸ್ತಕ ನೋಡಿದಿರಲ್ಲ, ಖುಷಿಯಾಯಿತು. "ಜನ ಗಲಾಟೆ" ಅಂತ ಬರೆದವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಹಳೇ ಫ್ಲಾಟಿಗೆ ಇನ್ನೊಂದು ವಿಷಯ: ಕ್ರಯಪತ್ರದಲ್ಲಿ ನಿಮ್ಮ ಪಾಲಿಗೆ ಎಷ್ಟು ಚದರಡಿ ಜಾಗ ಬರುತ್ತೆ, ಯುಡಿಎಸ್ ಅನ್ನುತ್ತಾರಲ್ಲ, ಅದನ್ನು ನೋಡಿಕೊಳ್ಳಿ. ಬಿಲ್ಡಿಂಗು ಹಳೆಯದಾಗುತ್ತಾ ಹೋಗುತ್ತೆ, ನಿಮ್ಮದು ಅಂತ ಉಳಿಯುವುದು ಅಷ್ಟೇ. ಯಜಮಾನರಿಗೂ ಮಣ್ಣು ನಮ್ಮದು ಅಂತ ಸ್ವಲ್ಪ ಸಮಾಧಾನ ಆಗುತ್ತೆ. ಲಿಫ್ಟಿಗೆ ಎಎಂಸಿ, ಅಂದರೆ ವರ್ಷದ ರಿಪೇರಿ ಕಾಂಟ್ರಾಕ್ಟು, ಇದೆಯಾ, ಅಸೋಸಿಯೇಷನ್ ಖಾತೆಯಲ್ಲಿ ಎಷ್ಟು ದುಡ್ಡಿದೆ ಅಂತ ಆ ಖಜಾಂಚಿಯನ್ನೇ ಕೇಳಿ. ಫೈಲು ಇಟ್ಟುಕೊಂಡಿರುವ ಖಜಾಂಚಿ ಸಿಗುವುದೇ ಅಪರೂಪ.

ಬಿ ಖಾತಾ ಬಲಿಪಶು:

ಇ-ಖಾತಾ, ಅಂದರೆ ಆನ್‌ಲೈನ್ ಖಾತಾ, ಯಾರ ಹೆಸರಲ್ಲಿದೆ ನೋಡಿದಿರಾ? ಈಗ ಅದಿಲ್ಲದೆ ರಿಜಿಸ್ಟ್ರೇಷನ್ನೇ ಆಗಲ್ಲ. ಇನ್ನೊಂದು, ಬೆಲೆ 50 ಲಕ್ಷ ಅಥವಾ ಮೇಲಿದ್ದರೆ 1 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರು ನೀವು, ಮಾರುವವರಲ್ಲ. ನಾನು ಮರೆತು ದಂಡ ಕಟ್ಟಿದ್ದೇನೆ.

ಅರಸೀಕೆರೆ ತೆಂಗು:

ಸರಿಯಾದ ಪ್ರಶ್ನೆ ಕೇಳಿದಿರಿ ತಮ್ಮಾ. ಇ-ಖಾತಾ ತೆಗೆಸಿ ನೋಡಿದರೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಮಾರುತ್ತಿರುವುದು ಮಗ. ಅವರಿಗೆ ಇಬ್ಬರು ಅಕ್ಕಂದಿರು, ತಾಯಿಯೂ ಇದ್ದಾರೆ. ವಂಶವೃಕ್ಷ ಮಾಡಿಸಿ, ಖಾತಾ ಬದಲಾಯಿಸಿ, ನಾಲ್ವರೂ ಸಹಿ ಹಾಕಿದರೆ ಮಾತ್ರ ಮುಂದುವರಿಯಿರಿ ಅಂದರು ನಮ್ಮ ವಕೀಲರು. ಟೋಕನ್ ಅಡ್ವಾನ್ಸ್ ಒಂದು ರೂಪಾಯಿಯೂ ಕೊಟ್ಟಿಲ್ಲ. ಮಗ ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಅವರ ತಾಯಿ ಮಾತ್ರ ನಮ್ಮ ಅತ್ತೆಗೆ ಕಾಫಿ ಕೊಟ್ಟು "ಕೇಳ್ಬೇಕಾದ್ದೇ ಕೇಳಿದ್ದೀರಿ" ಅಂದರು. ಲಿಫ್ಟಿನ ವಿಷಯ ಹೇಳಿ 71ಕ್ಕೆ ಇಳಿಸಿದ್ದೇವೆ. ಯುಡಿಎಸ್ 450 ಚದರಡಿ, ಅರವತ್ತು-ನೂರಿಪ್ಪತ್ತರ ಜಾಗದಲ್ಲಿ ಹದಿನಾರನೇ ಒಂದು ಪಾಲು. ಯಜಮಾನರು ಅದನ್ನು ಗುಂಟೆ ಲೆಕ್ಕಕ್ಕೆ ತಿರುಗಿಸಿ ನೋಡಿ ನಕ್ಕರು, ಅರ್ಧ ಗುಂಟೆಯೂ ಇಲ್ಲ.

ಮಾರುವವರ ಮೈಸೂರಿನ ಅಕ್ಕ ದೀಪಾವಳಿಗೆ ಬರುತ್ತಾರಂತೆ. ಅವರು ಒಪ್ಪಿದರೆ ಅಗ್ರಿಮೆಂಟು, ಇಲ್ಲದಿದ್ದರೆ ಮತ್ತೆ ಹುಡುಕಾಟ. ಆ ಪಾಚಿ ಬಣ್ಣದ ಟೈಲ್ಸು ಕೀಳದೆ ಮೇಲೇ ಹೊಸದು ಹಾಕಬಹುದು ಅನ್ನುತ್ತಾರೆ ಮೇಸ್ತ್ರಿ. ಯಾರಾದರೂ ಹಾಗೆ ಮಾಡಿಸಿದ್ದೀರಾ? ನೀರು ಇಳಿಯುತ್ತಾ?